ನಾಣ್ಯದ ವಾಚು: ಯಾವುದು ಕೊಳ್ಳೋದು, ಯಾವುದು ಬಿಡೋದು

ಕಳೆದ ಕೈಲ್ ಮುಹೂರ್ತದ ಹಬ್ಬಕ್ಕೆ ಕೊಡಗಿನ ಊರಿಗೆ ಹೋದಾಗ ಅತ್ತೆ ಒಂದು ಸಣ್ಣ ಡಬ್ಬಿ ತಂದು ಮುಂದಿಟ್ಟರು. ಒಳಗೆ ಹತ್ತಿಯಲ್ಲಿ ಸುತ್ತಿಟ್ಟ ವಿಕ್ಟೋರಿಯಾ ಪವನ್, ಅಂದರೆ ಬ್ರಿಟಿಷರ ಸವರನ್ ಚಿನ್ನದ ನಾಣ್ಯ. ಅವರ ಅತ್ತೆಯ ಕೊರಳ ಪದಕ ಪತ್ತಾಕ್‌ನಲ್ಲಿ ಇದ್ದದ್ದು. ಹಾವಿನ ಹೆಡೆ ಮುರಿದು, ಕೆಂಪು ಕಲ್ಲುಗಳು ಉದುರಿದ ಮೇಲೆ ಪವನ್ ಒಂದನ್ನೇ ಬಿಚ್ಚಿ ಇಟ್ಟಿದ್ದರಂತೆ. ಫೋನಿನಲ್ಲಿ ಅವರು ಯಾವುದೋ ವಿಡಿಯೋ ನೋಡಿದ್ದರು. ಚಿನ್ನದ ನಾಣ್ಯ, ಅಂಚು ಒತ್ತಿದರೆ ಟಪ್ಪನೆ ತೆರೆಯುತ್ತೆ, ಒಳಗೆ ಪುಟ್ಟ ಗಡಿಯಾರ. "ನೀನು ಯಾವಾಗ ನೋಡಿದ್ರೂ ವಾಚು ವಾಚು ಅಂತೀಯಲ್ಲ, ಇದನ್ನೂ ಹಾಗೆ ಮಾಡಿಸಿ ಕೊಡು. ಮಗನ ಮದುವೆಗೆ ಕೊಡ್ತೀನಿ" ಅಂದರು.

ಮಡಿಕೇರಿಯಲ್ಲಿ ನನ್ನ ವಾಚುಗಳನ್ನೆಲ್ಲ ರಿಪೇರಿ ಮಾಡುವ ಕಾಕನ ಹತ್ತಿರ ಒಯ್ದೆ. ಅವರು ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಪವನ್‌ನ ಎರಡೂ ಕಡೆ ನೋಡಿದರು. ಆಮೇಲೆ ಕ್ಯಾಲಿಪರ್ ಹಿಡಿದರು. "ದಪ್ಪ ಒಂದೂವರೆ ಮಿಲಿಮೀಟರ್. ನನ್ನ ಹತ್ರ ಇರೋ ಲೇಡೀಸ್ ವಾಚಿನ ಮಷಿನ್‌ಗಳಲ್ಲಿ ತೆಳ್ಳಗಿಂದೇ ಇದಕ್ಕಿಂತ ದಪ್ಪ. ಎಲ್ಲಿ ಕೂರಿಸ್ಲಿ?" ಅಂದರು. ಪವನ್ ವಾಪಸ್ ಹತ್ತಿಯಲ್ಲಿ ಇಡುತ್ತಾ, "ಕುಯ್ಯೋದು ಯಾವ ಆಚಾರ್ರಾದ್ರೂ ಮಾಡ್ತಾರೆ. ಕುಯ್ದಿದ್ದು ಗೊತ್ತಾಗದ ಹಾಗೆ ಸೇರಿಸೋದೇ ಕೆಲಸ" ಅಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಾಣ್ಯದ ವಾಚು ಕೊಳ್ಳುವವರೆಲ್ಲ ಮೊದಲು ಬ್ರ್ಯಾಂಡ್ ಕೇಳುತ್ತಾರೆ, ಆಮೇಲೆ ಚಿನ್ನ ಎಷ್ಟು ಅಂತ ಕೇಳುತ್ತಾರೆ. ನಾನು ಮೊದಲು ನೋಡುವುದು ಸೇರಿಕೆ. ನಾಣ್ಯ ಅಸಲಿ ಇರಬಹುದು, ಮಷಿನ್ ಅಸಲಿ ಇರಬಹುದು, ಆದರೆ ಅವೆರಡನ್ನೂ ಒಟ್ಟಿಗೆ ಕೂರಿಸಿದವರು ಯಾರು, ಯಾವಾಗ, ಎಷ್ಟು ನೀಟಾಗಿ? ಮೋಸ ಆಗೋದು ಹೆಚ್ಚಾಗಿ ಅಲ್ಲೇ.

ಕೊಡಗಿನಲ್ಲಿ ಕೂತು ಇಂಥ ವಾಚು ಹುಡುಕುವವರಿಗೆ ನಾಲ್ಕು ದಾರಿಗಳಿವೆ. ಮುಳ್ಳು ಹೊರಗೇ ಕಾಣುವ ಹೆಸರಾಂತ ಸ್ವಿಸ್ ವಾಚು. ಮುಚ್ಚಳ ತೆರೆದರೆ ಮಾತ್ರ ಗಡಿಯಾರ ಕಾಣುವಂಥದ್ದು. ಅಷ್ಟು ಹೆಸರಿಲ್ಲದ ಕಂಪನಿಗಳ, ಕೀ ಕೊಡುವ ಅಥವಾ ಸೆಲ್ ಹಾಕುವ ನಾಣ್ಯದ ವಾಚು. ಕೊನೆಗೆ ನಮ್ಮ ದೇಶದಲ್ಲೇ ಯಾರೋ ರೂಪಾಯಿ ನಾಣ್ಯಕ್ಕೆ ತೂತು ಹೊಡೆದು ಮಾಡಿದ್ದು. ಬೆಲೆಯಲ್ಲಿ ಇವುಗಳ ನಡುವೆ ಆಕಾಶ ಭೂಮಿಯ ಅಂತರ. ಮೋಸ ಮಾತ್ರ ನಾಲ್ಕರಲ್ಲೂ ಇದೆ.

ಹೊರಗೆ ಮುಳ್ಳು, ಒಳಗೆ ಮುಳ್ಳು

ಮೊದಲ ಎರಡನ್ನು ಒಟ್ಟಿಗೇ ನೋಡೋಣ. ಎರಡಕ್ಕೂ ಸಾಮಾನ್ಯವಾಗಿ ಬಳಸಿರುವುದು ಅಮೆರಿಕದ 20 ಡಾಲರ್ ಚಿನ್ನದ ನಾಣ್ಯ. 34 ಮಿ.ಮೀ. ಅಗಲ, 33.4 ಗ್ರಾಂ ತೂಕ, ನೂರಕ್ಕೆ 90 ಪಾಲು ಚಿನ್ನ, ಉಳಿದದ್ದು ತಾಮ್ರ. ನಮ್ಮ ಲೆಕ್ಕದಲ್ಲಿ 21.6 ಕ್ಯಾರೆಟ್. 1933ರಲ್ಲಿ ಅಮೆರಿಕ ಸರ್ಕಾರ ಜನರ ಕೈಯಿಂದ ಚಿನ್ನದ ನಾಣ್ಯಗಳನ್ನು ವಾಪಸ್ ತೆಗೆದುಕೊಂಡಿತು. ಆದರೆ ಅಷ್ಟರಲ್ಲಿ ಬೇಕಾದಷ್ಟು ನಾಣ್ಯಗಳು ಯುರೋಪಿನ ಬ್ಯಾಂಕುಗಳಿಗೆ ಹೋಗಿ ಕೂತಿದ್ದವು. ಹಾಗಾಗಿ ಸ್ವಿಸ್ ವಾಚಿನವರಿಗೆ ಇವು ಸಿಗುವುದು ಕಷ್ಟವಿರಲಿಲ್ಲ. ಕೈಗಡಿಯಾರಕ್ಕೆ ಆ ಅಗಲವೂ ಹೇಳಿ ಮಾಡಿಸಿದ ಹಾಗಿದೆ.

ಮುಳ್ಳು ಹೊರಗಿರುವುದರಲ್ಲಿ ದೊಡ್ಡ ಹೆಸರು ಕೋರಮ್. 1955ರಲ್ಲಿ ಸ್ವಿಟ್ಜರ್ಲೆಂಡಿನ ಲಾ ಶೋ ದ ಫೋಂ ಊರಿನಲ್ಲಿ ಶುರುವಾದ ಕಂಪನಿ. 1964ರಲ್ಲಿ ಇವರ ನಾಣ್ಯದ ವಾಚು ಬಂತು. ನಾಣ್ಯವನ್ನು ಬನ್ನು ಸೀಳಿದ ಹಾಗೆ ಅಡ್ಡಕ್ಕೆ ಸೀಳಿ, ನಡುವೆ ತೆಳ್ಳಗಿನ ಮಷಿನ್ ಇಟ್ಟು, ಸುತ್ತ ಒಂದು ಚಿನ್ನದ ಉಂಗುರ. ನಾಣ್ಯದ ಅಂಚಿನ ಗೀರುಗಳನ್ನು ಆ ಉಂಗುರದ ಮೇಲೂ ಕೆತ್ತಿರುತ್ತಾರೆ. ನಾಣ್ಯದ ಒಂದು ಮುಖವೇ ಡಯಲ್, ಇನ್ನೊಂದು ಮುಖವೇ ಹಿಂಬದಿ. ಪಿಯಾಜೆ ಕೂಡ ಇಂಥವನ್ನು ಮಾಡಿದೆ. ಅವರ 9ಪಿ ಮಷಿನ್ ಬರೀ 2 ಮಿ.ಮೀ. ದಪ್ಪ, ಬಂದದ್ದು 1957ರಲ್ಲಿ. ಅಷ್ಟು ತೆಳು ಮಷಿನ್ ಇಲ್ಲದೆ ಈ ಆಟವೇ ನಡೆಯುವುದಿಲ್ಲ.

ಮುಚ್ಚಳದ ವಾಚು ಇದಕ್ಕಿಂತ ಹಳೆಯ ಉಪಾಯ. ಹೊರಗಿಂದ ನೋಡಿದರೆ ಬರೀ ನಾಣ್ಯ. ಅಂಚಿನಲ್ಲಿ ಒಂದು ಜಾಗ ಒತ್ತಿದರೆ ಮುಚ್ಚಳ ಎದ್ದು ಒಳಗಿನ ಡಯಲ್ ಕಾಣುತ್ತದೆ. ಕೀ ಕೊಡುವ ತಿರುಪು ಅಂಚಿನ ಒಳಗೇ ಅಡಗಿರುತ್ತದೆ. ಕಾರ್ಟಿಯೇ, ವಾಶೆರಾನ್ ಹೆಸರಿನಲ್ಲಿ ಬಂದಿವೆ, ಹೆಸರೇ ಇಲ್ಲದವೂ ಇವೆ. ಫ್ರೆಡರಿಕ್ ಪಿಗೆ ಎಂಬವರು 1925ರಲ್ಲಿ ತಂದ 1.75 ಮಿ.ಮೀ. ದಪ್ಪದ ಮಷಿನ್ ಈ ಕೆಲಸಕ್ಕೆ ಬಹಳ ಅನುಕೂಲವಾಯಿತು.

ಯಾವುದು ಮೇಲು? ನೋಡಲು, ಕೈಯಲ್ಲಿ ಆಡಿಸಲು ಮುಚ್ಚಳದ್ದೇ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಕೆಲಸಗಾರಿಕೆ ಅಂದರೆ ಅದು. ನೆಟ್ಟಗೆ ಮಾಡಿದ್ದಾದರೆ ಮುಚ್ಚಿದ ಮೇಲೆ ಗೀರುಗಳ ನಡುವೆ ಸಂದು ಎಲ್ಲಿದೆ ಅಂತ ಉಗುರಿಗೂ ಸಿಗುವುದಿಲ್ಲ. ಆದರೆ ತೆರೆದು ಮುಚ್ಚಿ ತೆರೆದು ಮುಚ್ಚಿ ಹಿಂಜು ಸವೆಯುತ್ತದೆ. ಸ್ಪ್ರಿಂಗ್ ಸೋತಿರುತ್ತದೆ. ಸವೆದ ಹಿಂಜು ಸರಿಮಾಡಲು ಹೋಗಿ ಯಾರೋ ಬೆಸುಗೆ ಹಾಕಿ ನಾಣ್ಯದ ಬಣ್ಣ ಕೆಡಿಸಿರುತ್ತಾರೆ. ಕೊಳ್ಳುವವರು ಮುಚ್ಚಳವನ್ನು ಹತ್ತು ಸಲ ತೆರೆದು ಮುಚ್ಚಿ ನೋಡಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಮುಳ್ಳು ಹೊರಗಿರುವುದು ದಿನಾ ಕಟ್ಟಲು ಅನುಕೂಲ. ಕೈ ಎತ್ತಿದರೆ ಟೈಮ್ ಕಾಣುತ್ತದೆ. ಮೇಲೆ ಗ್ಲಾಸು ಇರುವುದರಿಂದ ಮುಂದಿನ ಮುಖ ಸವೆಯುವುದಿಲ್ಲ. ಹಿಂದಿನ ಮುಖ ಮಾತ್ರ ಬೆವರಿಗೆ, ಚರ್ಮಕ್ಕೆ ಉಜ್ಜಿ ನುಣ್ಣಗಾಗುತ್ತದೆ. ಹಳೆಯ ವಾಚಿನಲ್ಲಿ ಆ ಸವೆತ ಇರಲೇಬೇಕು. ಬೆಲ್ಟು ಹಳತು, ಗ್ಲಾಸಿನ ಮೇಲೆ ಗೀರು, ಹಿಂದಿನ ಮುಖದ ಹದ್ದಿನ ಚಿತ್ರ ಮಾತ್ರ ನಿನ್ನೆ ಟಂಕಿಸಿದ ಹಾಗೆ ಚೂಪಾಗಿದ್ದರೆ ನನಗೆ ಅನುಮಾನ ಬರುತ್ತದೆ.

ಮೊದಲ ಸಲ ಕೊಳ್ಳುವವರಿಗೆ ನಾನು ಇವೆರಡನ್ನೂ ಹೇಳುವುದಿಲ್ಲ. ಹೆಸರಿಗೇ ಅರ್ಧ ದುಡ್ಡು ಹೋಗುತ್ತದೆ. ಮತ್ತೆ ಈ ತೆಳು ಮಷಿನ್‌ಗಳನ್ನು ಬಿಚ್ಚಿ ಆಯಿಲಿಂಗ್ ಮಾಡುವ ಕೈ ಎಲ್ಲರಿಗೂ ಇರುವುದಿಲ್ಲ. ನಮ್ಮ ಕಾಕನೇ "ಇದನ್ನ ಮುಟ್ಟಲ್ಲ, ಬೆಂಗಳೂರಿಗೆ ತಗೊಂಡು ಹೋಗಿ" ಅಂದುಬಿಟ್ಟರು. ಹಾಗೆ ಹೇಳುವವರು ಒಳ್ಳೆಯವರು. ಮುಟ್ಟಿ ಹಾಳು ಮಾಡುವವರೇ ಜಾಸ್ತಿ.

ಹೆಸರು ಸಣ್ಣದು, ನಾಣ್ಯ ಅಸಲಿ

ಮೂರನೆಯದು ನನ್ನ ಆಯ್ಕೆ. ಮ್ಯಾಥಿ ಟಿಸೋ, ಲೂಸಿಯನ್ ಪಿಕಾರ್ಡ್‌ನಂಥ ಹೆಸರುಗಳಲ್ಲಿ ನಾಣ್ಯದ ವಾಚುಗಳು ಬಂದಿವೆ. ಕೆಲವಕ್ಕೆ ಕೀ, ಕೆಲವಕ್ಕೆ ಸೆಲ್. ಸಂಗ್ರಹಕಾರರು ಸೆಲ್ ಅಂದ ಕೂಡಲೇ ಮೂಗು ಮುರಿಯುತ್ತಾರೆ. ಮುರಿಯಲಿ, ಅದರಿಂದಲೇ ಬೆಲೆ ಕಡಿಮೆ. ನಾಣ್ಯ ಅದೇ 20 ಡಾಲರಿನದ್ದೋ, 10 ಡಾಲರಿನದ್ದೋ. ರಿಪೇರಿ ಸುಲಭ. ಸೆಲ್ ಬದಲಾಯಿಸುವಾಗ ಮಾತ್ರ ಎದುರಿಗೇ ನಿಲ್ಲಿ. ಹಿಂಬದಿ ಅಂದರೆ ನಾಣ್ಯವೇ ಅಲ್ವಾ? ಚಾಕು ತೂರಿಸಿ ಎಬ್ಬಿಸಿದರೆ ಅಂಚಿನಲ್ಲಿ ಬೀಳುವ ಗಾಯ ಮತ್ತೆ ಹೋಗುವುದಿಲ್ಲ. ಒಂದು ಎಚ್ಚರಿಕೆ: ಇವುಗಳಲ್ಲಿ ನಾಣ್ಯದ ಅಚ್ಚು ಮಾತ್ರ ಹೊಡೆದು ಮೇಲೆ ಚಿನ್ನದ ನೀರು ಕೊಟ್ಟವೂ ಇವೆ. ಮಾರುವವರು ಎರಡಕ್ಕೂ ಒಂದೇ ಹೆಸರು ಹೇಳುತ್ತಾರೆ, ನಾಣ್ಯದ ವಾಚು ಅಂತ.

ರೂಪಾಯಿಯ ವಾಚು, ನನ್ನ 12,000 ರೂಪಾಯಿ

ನಾಲ್ಕನೆಯದರಲ್ಲಿ ನಾನೇ ಬಿದ್ದಿದ್ದೇನೆ. ಆನ್‌ಲೈನಿನಲ್ಲಿ ಒಬ್ಬರು ಆರನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ಡಯಲ್ ಆಗಿರುವ ವಾಚು ಹಾಕಿದ್ದರು. ಇಸವಿ 1939. ಆ ವರ್ಷದ ರೂಪಾಯಿ ಬಹಳ ಅಪರೂಪ ಅಂತ ನನಗೂ ಗೊತ್ತಿತ್ತು. ಅಪರೂಪ ಅಂತ ಗೊತ್ತಿದ್ದದ್ದೇ ತಪ್ಪಾಯಿತು. ಅಷ್ಟು ಅಪರೂಪದ ನಾಣ್ಯಕ್ಕೆ ಯಾವ ಬುದ್ಧಿ ಇರುವವನು ತೂತು ಹೊಡೆಯುತ್ತಾನೆ ಅಂತ ಹೊಳೆಯಲಿಲ್ಲ. 12,000 ಕೊಟ್ಟೆ.

ಜುಲೈ ತಿಂಗಳ ಮಳೆಯಲ್ಲಿ ಗ್ಲಾಸಿನ ಒಳಗೆ ಮಂಜು ಕಟ್ಟಿತು. ಕಾಕ ಗ್ಲಾಸು ತೆಗೆದು, ಮುಳ್ಳುಗಳನ್ನು ಕಿತ್ತು, ಲೆನ್ಸಿನಲ್ಲಿ ನೋಡಿ ನನ್ನ ಕೈಗೇ ಲೆನ್ಸ್ ಕೊಟ್ಟರು. ಮುಳ್ಳು ಕೂರುವ ನಡುವಿನ ತೂತಿನ ಒಳಗೋಡೆ ಕೆಂಪಗಿತ್ತು. ತಾಮ್ರ. ಮೇಲೆ ಬೆಳ್ಳಿಯ ನೀರು. ರಾಜನ ಕಿವಿಯ ಹತ್ತಿರ ಗುಳ್ಳೆ ಗುಳ್ಳೆ, ಅಚ್ಚಿನಲ್ಲಿ ಎರಕ ಹೊಯ್ದ ಗುರುತು. ನಾಣ್ಯವೂ ನಕಲಿ, ವಾಚೂ ಹೊಸದು. ಒಳಗಿನ ಸೆಲ್ ಮಷಿನ್ ಮಾತ್ರ ಅಸಲಿ. ಅದು ಇನ್ನೂ ನಡೆಯುತ್ತಿದೆ, ಅಡುಗೆಮನೆಯಲ್ಲಿ.

ಆ ತೂತು ನನಗೆ ಒಳ್ಳೆಯ ಪಾಠ ಕಲಿಸಿತು. ಮುಳ್ಳು ಹೊರಗಿರುವ ಯಾವ ನಾಣ್ಯದ ವಾಚಿಗೂ ನಡುವೆ ತೂತು ಇರಲೇಬೇಕು. ಮುಳ್ಳು ತೆಗೆದರೆ ನಾಣ್ಯದ ಹೊಟ್ಟೆಯ ಬಣ್ಣ ಕಾಣುತ್ತದೆ. ಮೇಲ್ಮೈ ಬಣ್ಣವೇ ಒಳಗೂ ಇರಬೇಕು. ಯಾವ ಮಷಿನ್ನೂ ಬೇಡ, ಲೆನ್ಸು ಮತ್ತು ಒಳ್ಳೆಯ ಕೈ ಇದ್ದರೆ ಸಾಕು.

ಬೆಳ್ಳಿ ರೂಪಾಯಿ ವಾಚು ಕೊಳ್ಳಲೇಬೇಕು ಅಂತ ಆಸೆ ಇದ್ದರೆ ಮಾಮೂಲಿ ನಾಣ್ಯದ್ದನ್ನೇ ನೋಡಿ. ಏಳನೇ ಎಡ್ವರ್ಡ್ ಅಥವಾ ಐದನೇ ಜಾರ್ಜ್ ದೊರೆಯ ರೂಪಾಯಿ, 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ, 91.7 ಪಾಲು ಬೆಳ್ಳಿ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ರೂಪಾಯಿ ನಿಕ್ಕಲ್ಲಿನದ್ದು. "1947ರ ಬೆಳ್ಳಿ ರೂಪಾಯಿ, ಸ್ವಾತಂತ್ರ್ಯದ ವರ್ಷದ್ದು" ಅಂತ ಯಾರಾದರೂ ಭಾವುಕರಾಗಿ ಮಾರಿದರೆ ಅಯಸ್ಕಾಂತ ಹಿಡಿದು ನೋಡಿ. ನಿಕ್ಕಲ್ ಅಂಟಿಕೊಳ್ಳುತ್ತದೆ. ಇದನ್ನು ಆಟದ ಸಾಮಾನು ಅಂತ ಕೊಂಡರೆ ಸರಿ, ಹಳೆಯ ಕಾಲದ ವಾಚು ಅಂತ ಕೊಳ್ಳಬೇಡಿ.

ಇನ್ನು ರಾಮ ದರ್ಬಾರಿನ ಚಿತ್ರ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯದ ವಾಚು ಅಂತ ಬಂದರೆ ಮಾತೇ ಆಡಬೇಡಿ. ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಅಕ್ಕಿ ಎಳೆಯುತ್ತೆ, ಕೋಟಿ ಬೆಲೆ ಬಾಳುತ್ತೆ ಅಂತ ರೈಸ್ ಪುಲ್ಲಿಂಗ್‌ನವರು ಜನರ ಮನೆ ಮುಳುಗಿಸಿದ್ದು ಇಂಥ ತಾಮ್ರದ ಬಿಲ್ಲೆಗಳಿಂದಲೇ.

ನಾಣ್ಯವನ್ನು ಓದುವುದು

ಅಸಲಿಯೋ ನಕಲಿಯೋ ಅನ್ನುವುದಕ್ಕೆ ನಾಣ್ಯದ ಮೇಲಿನ ಅಕ್ಷರಗಳೇ ಅರ್ಧ ಉತ್ತರ ಕೊಡುತ್ತವೆ. ಇದಕ್ಕೆ ದುಡ್ಡು ಬೇಡ, ಚೆನ್ನಾಗಿ ತೆಗೆದ ಎರಡು ಫೋಟೋ ಸಾಕು.

20 ಡಾಲರ್ ನಾಣ್ಯದಲ್ಲಿ ಎರಡು ಬಗೆ. 1907ರವರೆಗೆ ಹೆಂಗಸಿನ ತಲೆ ಇರುವುದು, 1907ರಿಂದ 1933ರವರೆಗೆ ದೀವಟಿಗೆ ಹಿಡಿದು ನಡೆದು ಬರುವ ಹೆಂಗಸಿನದು. ತಲೆಯ ನಾಣ್ಯದ ಹಿಂಬದಿಯಲ್ಲಿ 1876ರವರೆಗೆ "ಟ್ವೆಂಟಿ" ಆದ ಮೇಲೆ ಬರೀ "ಡಿ" ಇರುತ್ತಿತ್ತು. 1877ರಿಂದ "ಡಾಲರ್ಸ್" ಅಂತ ಪೂರ್ತಿ ಬಂತು. ಈಗ ವಾಚಿಗೆ ಬನ್ನಿ. ಇಸವಿ ಇರುವುದು ತಲೆಯ ಕಡೆ, ಬೆಲೆಯ ಅಕ್ಷರ ಹದ್ದಿನ ಕಡೆ. ಒಂದು ಕಡೆ 1904 ಅಂತ ಇದ್ದು ಇನ್ನೊಂದು ಕಡೆ ಮೊಟಕು "ಡಿ" ಇದ್ದರೆ, ಎರಡು ಬೇರೆ ನಾಣ್ಯಗಳ ಅರ್ಧರ್ಧ ಸೇರಿಸಿದ್ದಾರೆ, ಇಲ್ಲವೇ ಪೂರ್ತಿ ನಕಲಿ.

ಟಂಕಸಾಲೆಯ ಗುರುತೂ ಹಾಗೆಯೇ. ತಲೆಯ ನಾಣ್ಯದಲ್ಲಿ ಅದು ಹದ್ದಿನ ಕೆಳಗಿರುತ್ತದೆ. ಕಾರ್ಸನ್ ಸಿಟಿಯ "ಸಿಸಿ" ಗುರುತು 1870ರಿಂದ 1893ರ ನಡುವಿನದು, ಮತ್ತು ಅದಕ್ಕೆ ಬೇಡಿಕೆ ಜಾಸ್ತಿ. ಅದಕ್ಕೇ ನಕಲಿಯವರಿಗೂ ಅದರ ಮೇಲೆ ಪ್ರೀತಿ. ಡೆನ್ವರ್‌ನ "ಡಿ" ಗುರುತು 1906ಕ್ಕೆ ಮುಂಚೆ ಇಲ್ಲವೇ ಇಲ್ಲ. ನಡೆದು ಬರುವ ಹೆಂಗಸಿನ ನಾಣ್ಯದಲ್ಲಿ ಸುತ್ತ ನಕ್ಷತ್ರಗಳನ್ನು ಎಣಿಸಿ. 1911ರವರೆಗೆ 46, 1912ರಿಂದ 48, ಅಮೆರಿಕದ ರಾಜ್ಯಗಳ ಲೆಕ್ಕ ಅದು. 1924ರ ನಾಣ್ಯದಲ್ಲಿ 46 ನಕ್ಷತ್ರ ಇದ್ದರೆ ಅಲ್ಲಿಗೇ ಮುಗಿಯಿತು. ಕೂತು ಎಣಿಸುವುದಕ್ಕೆ ಎರಡು ನಿಮಿಷವೂ ಬೇಡ.

1933 ಇಸವಿಯ ವಾಚು ಅಂತ ಬಂದರೆ ನಗಬಹುದು. ಆ ವರ್ಷದ 20 ಡಾಲರ್ ನಾಣ್ಯಗಳಲ್ಲಿ ಖಾಸಗಿಯವರು ಕಾನೂನು ಪ್ರಕಾರ ಇಟ್ಟುಕೊಳ್ಳಬಹುದಾದದ್ದು ಒಂದೇ ಒಂದು. ಅದು 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಹರಾಜಾಯಿತು. ಯಾರ ಕೈಗೂ ಕಟ್ಟಿಲ್ಲ.

ಪವನ್‌ಗಳಲ್ಲೂ ಇಸವಿ ಮಾತಾಡುತ್ತದೆ. ನಮ್ಮಲ್ಲಿ ಪವನ್ ಅಂದರೆ 8 ಗ್ರಾಂ ಅಂತ ಲೆಕ್ಕ. ಬ್ರಿಟಿಷ್ ಸವರನ್ ನಿಜಕ್ಕೂ 7.98 ಗ್ರಾಂ, 22 ಕ್ಯಾರೆಟ್, 22 ಮಿ.ಮೀ. ಅಗಲ. 1918ರಲ್ಲಿ ಬೊಂಬಾಯಿಯಲ್ಲೇ ಹೊಡೆದವೂ ಇವೆ, ಅವಕ್ಕೆ "ಐ" ಗುರುತು. ಆರನೇ ಜಾರ್ಜ್‌ನ ಸವರನ್ 1937ರಲ್ಲಿ ಪಟ್ಟಾಭಿಷೇಕದ ನೆನಪಿಗೆ ಹೊಡೆದದ್ದು ಮಾತ್ರ. ಅವನ ತಲೆ ಇದ್ದು 1942, 1945 ಅಂತೆಲ್ಲ ಇದ್ದರೆ ಅದು ಆಭರಣದವರ ಕೈಚಳಕ.

ಇನ್ನೊಂದು ಕಷ್ಟ ಇದೆ. ನಕಲಿ ನಾಣ್ಯ ಅಂದರೆ ಹಿತ್ತಾಳೆಯೇ ಆಗಬೇಕಿಲ್ಲ. ಅಸಲಿ ಚಿನ್ನದಲ್ಲೇ ನಕಲಿ ಮಾಡುತ್ತಾರೆ. 1907ರ ಎತ್ತರದ ಉಬ್ಬಿನ 20 ಡಾಲರ್ ನಾಣ್ಯಕ್ಕೆ ಒಬ್ಬ ಪ್ರಸಿದ್ಧ ನಕಲಿಗ ಇದ್ದ. ಅವನ ಹೆಸರು ಯಾರಿಗೂ ಗೊತ್ತಿಲ್ಲ. ಹದ್ದಿನ ಉಗುರಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಒಮೆಗಾ ಅಕ್ಷರ ಬಿಟ್ಟು ಹೋಗಿದ್ದಾನೆ, ಸಹಿ ಹಾಕಿದ ಹಾಗೆ. ವಾಚಿನ ಹುಚ್ಚಿನವರಿಗೆ ಒಮೆಗಾ ಅಂದರೆ ಖುಷಿ, ಇಲ್ಲಿ ಮಾತ್ರ ಅಲ್ಲ.

ಮೂರು ಜಾಗ, ಮೂರು ಅಂಕಿ

ನಾಣ್ಯ ಬಿಡಿಯಾಗಿದ್ದರೆ ತೂಕ ಹಾಕಿ ಹೇಳಬಹುದು. ವಾಚಾದ ಮೇಲೆ ತೂಕಕ್ಕೆ ಅರ್ಥವಿಲ್ಲ. ಒಳಗೆ ಕೊರೆದು ತೆಗೆದ ಚಿನ್ನ ಹೋಗಿದೆ, ಉಕ್ಕು ಹಿತ್ತಾಳೆಯ ಮಷಿನ್ ಬಂದಿದೆ. "20 ಡಾಲರ್ ನಾಣ್ಯ ಸಾರ್, 30 ಗ್ರಾಂ ಅಪ್ಪಟ ಚಿನ್ನ ಇದೆ" ಅಂತ ಲೆಕ್ಕ ಒಪ್ಪಿಸುವವರಿದ್ದಾರೆ. ಕುಯ್ಯದ ನಾಣ್ಯದಲ್ಲಿ ಇರುವುದು ಅಷ್ಟು. ವಾಚಿನಲ್ಲಿ ಇಲ್ಲ. ಬೆಲ್ಟು ಸಮೇತ ತೂಗಿ ಇವತ್ತಿನ ಚಿನ್ನದ ರೇಟಿಗೆ ಗುಣಿಸಿ ಕೊಟ್ಟವರನ್ನೂ ಕಂಡಿದ್ದೇನೆ. ಕುಯ್ದ ನಾಣ್ಯಕ್ಕೆ ನಾಣ್ಯ ಸಂಗ್ರಹಕಾರರ ಬೆಲೆಯೂ ಸಿಗುವುದಿಲ್ಲ. ಅದಕ್ಕೇ ಒಳ್ಳೆಯ ಕಂಪನಿಗಳು 1904, 1924ರಂಥ ರಾಶಿ ರಾಶಿ ಸಿಗುವ ಇಸವಿಗಳನ್ನೇ ಬಳಸುತ್ತಿದ್ದವು. "ಅಪರೂಪದ ನಾಣ್ಯದ ವಾಚು" ಅಂದರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತೇನೆ.

ಚಿನ್ನದಂಗಡಿಗಳಲ್ಲಿ ಈಗ ಚಿನ್ನದ ಶುದ್ಧತೆ ಅಳೆಯುವ ಕ್ಯಾರಟ್ ಮೀಟರ್ ಇರುತ್ತದೆ. ವಾಚನ್ನು ಅಲ್ಲಿಗೆ ಒಯ್ದು ಮೂರು ಜಾಗದಲ್ಲಿ ಹಿಡಿಸಿ: ಮುಂದಿನ ಮುಖ, ಹಿಂದಿನ ಮುಖ, ಸುತ್ತಲಿನ ಉಂಗುರ. ಮುಂದೆ ಗ್ಲಾಸು ಇದ್ದರೆ ತೆಗೆಸಿಯೇ ಹಿಡಿಸಬೇಕು. ಅಮೆರಿಕದ ನಾಣ್ಯವಾದರೆ ಎರಡೂ ಮುಖ 900ರ ಆಸುಪಾಸು, ಅಂದರೆ ಸಾವಿರಕ್ಕೆ 900 ಪಾಲು ಚಿನ್ನ, ತೋರಿಸಬೇಕು. ಉಂಗುರ ಸ್ವಿಸ್ ಕೆಲಸವಾದರೆ ಸಾಮಾನ್ಯವಾಗಿ 750, ಅಂದರೆ 18 ಕ್ಯಾರೆಟ್. ಈ ಮೂರು ಅಂಕಿ ಒಟ್ಟಿಗೆ ಬಂದರೆ ಸಮಾಧಾನ. ಮೂರೂ 750 ಬಂದರೆ ಚಿನ್ನ ನಿಜ, ನಾಣ್ಯ ಮಾತ್ರ ಅಚ್ಚಿನಲ್ಲಿ ಹೊಯ್ದದ್ದು. ಒಂದು ಮುಖ 900, ಇನ್ನೊಂದು 750 ಬಂದರೆ ಅರ್ಧ ನಾಣ್ಯ ಕಳೆದುಹೋಗಿ ಯಾರೋ ಹೊಸದು ಮಾಡಿ ಕೂರಿಸಿದ್ದಾರೆ. ಮೀಟರ್ ನೋಡುವುದು ಮೇಲ್ಪದರ ಮಾತ್ರ, ದಪ್ಪಗೆ ನೀರು ಕೊಟ್ಟಿದ್ದರೆ ಅದಕ್ಕೂ ಮೋಸ ಆಗುತ್ತದೆ. ಆಗ ಮತ್ತೆ ಆ ನಡುವಿನ ತೂತೇ ಗತಿ.

ಸ್ವಿಸ್ ಚಿನ್ನದ ಉಂಗುರದ ಒಳಗೆ ಮುದ್ರೆ ಹುಡುಕಿ. 1995ಕ್ಕೆ ಮುಂಚಿನ 18 ಕ್ಯಾರೆಟ್‌ಗೆ ಹೆಂಗಸಿನ ತಲೆ, ಆಮೇಲಿನದಕ್ಕೆ ನಾಯಿಯ ತಲೆ. 14 ಕ್ಯಾರೆಟ್‌ನ ಹಳೆಯ ಮುದ್ರೆ ಅಳಿಲು. 1968ರ ವಾಚು ಅಂತ ಹೇಳಿ ಒಳಗೆ ನಾಯಿ ಇದ್ದರೆ, ಕೇಸು ಹೊಸದು. ನಮ್ಮ ಚಿನ್ನದ ಒಡವೆಗಳ ಮೇಲಿನ ಆರು ಅಕ್ಷರದ ಹಾಲ್‌ಮಾರ್ಕ್ ಗುರುತು ಎಚ್‌ಯುಐಡಿ ಕೇಳುವವರಿದ್ದಾರೆ. ವಾಚಿಗೆ ಅದರ ಕಡ್ಡಾಯ ಇಲ್ಲ, ಇಲ್ಲದ್ದರಿಂದ ನಕಲಿ ಅಂತಲೂ ಅಲ್ಲ.

ಹೆಸರಿನ ವಿಷಯ. ಮಾಮೂಲಿ ಹಳೆಯ ವಾಚುಗಳಲ್ಲಿ ನಮ್ಮ ದೇಶದ ದೊಡ್ಡ ರೋಗ ಡಯಲ್‌ಗೆ ಹೊಸ ಬಣ್ಣ ಬಳಿಯುವುದು. ಮುಂಬಯಿಯಲ್ಲಿ ಬಣ್ಣ ಹೊಡೆದ ಎಚ್‌ಎಂಟಿಗಳನ್ನು ನೋಡದ ವಾಚುಪ್ರೇಮಿ ಯಾರಿದ್ದಾರೆ? ನಾಣ್ಯಕ್ಕೆ ಬಣ್ಣ ಬಳಿಯಲು ಆಗುವುದಿಲ್ಲ. ಹಾಗಾಗಿ ಕೈಚಳಕವೆಲ್ಲ ಹೆಸರಿಗೆ ಹೋಗುತ್ತದೆ. ಲೇಸರ್ ಇದ್ದರೆ ಯಾವ ಕೇಸಿನ ಮೇಲೂ ಪಿಯಾಜೆ ಅಂತ ಕೆತ್ತಬಹುದು. ಅದಕ್ಕೇ ಹಿಂಬದಿ ತೆಗೆಸಿ, ಮಷಿನ್ ಮೇಲೆ ಅದೇ ಹೆಸರು ಇದೆಯಾ ನೋಡಿ. ತೆಗೆಯಲು ಬಿಡದ ಮಾರಾಟಗಾರನ ಹತ್ತಿರ ನಾನು ಚಹಾ ಕುಡಿದು ಎದ್ದು ಬರುತ್ತೇನೆ.

ದೊರೆಗಳ ಕಥೆ

ನಮ್ಮ ಜಿಲ್ಲೆಯಲ್ಲಿ ಇದು ಬೇರೆಯದೇ ಸಮಸ್ಯೆ. ಹಳೆಯ ಸಾಮಾನು ಮಾರುವವರೆಲ್ಲರಿಗೂ ಒಂದೇ ಕಥೆ ಬಾಯಿಪಾಠ: ಕಾಫಿ ತೋಟದ ಬ್ರಿಟಿಷ್ ದೊರೆಗಳ ಬಂಗಲೆಯದು, ತೋಟ ಮಾರಿ ಹೋಗುವಾಗ ತೋಟದ ಗುಮಾಸ್ತ ರೈಟರಿಗೆ ಕೊಟ್ಟು ಹೋದರು. ಕೇಳಲು ಚೆಂದ. ಆದರೆ ಕೋರಮ್ ನಾಣ್ಯದ ವಾಚು ಬಂದದ್ದು 1964ರಲ್ಲಿ. ಹೆಚ್ಚಿನ ದೊರೆಗಳು ಅಷ್ಟರೊಳಗೆ ಗಂಟುಮೂಟೆ ಕಟ್ಟಿಯಾಗಿತ್ತು. ಮುಚ್ಚಳದ ವಾಚಾದರೆ ಕಥೆ ಸಾಧ್ಯ, ಮುಳ್ಳು ಹೊರಗಿರುವುದಾದರೆ ಕಷ್ಟ. "ಅಜ್ಜ ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಅಂಗಡಿಯಲ್ಲೇ ತಗೊಂಡಿದ್ದು" ಅನ್ನುವುದೂ ನನಗೆ ಗಂಟಲಲ್ಲಿ ಇಳಿಯುವುದಿಲ್ಲ. 1968ರಿಂದ 1990ರವರೆಗೆ ಚಿನ್ನ ನಿಯಂತ್ರಣ ಕಾಯ್ದೆ ಇತ್ತು. ವಿದೇಶಿ ಚಿನ್ನದ ವಾಚು ಶೋಕೇಸಿನಲ್ಲಿ ಇಟ್ಟು ಮಾರುವ ಕಾಲವೇ ಅಲ್ಲ ಅದು. ಸೇನೆಯಲ್ಲಿದ್ದವರು, ಹಡಗಿನಲ್ಲಿದ್ದವರು ಹೊರಗಿಂದ ತಂದದ್ದಾದರೆ ನಂಬಬಹುದು. ಬಿಲ್ಲೋ, ಹಳೆಯ ಫೋಟೋನೋ ಇದ್ದರೆ ಇನ್ನೂ ನಂಬಬಹುದು.

ಶುಕ್ರವಾರದ ಮಡಿಕೇರಿ ಸಂತೆಗೆ ಹೋದವನ ಕೈಗೆ ಇಂಥದ್ದು ಸಿಕ್ಕಿತು ಅಂದರೆ ಸುಮ್ನೆ ನಕ್ಕುಬಿಡಿ. ಒಳ್ಳೆಯವು ಬರುವುದು ಮನೆಗಳಿಂದ ಅಥವಾ ದೊಡ್ಡ ಹರಾಜುಗಳಿಂದ. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿಯಾದರೆ ನಗದು ವ್ಯವಹಾರ ಬೇಡ, ಕಾನೂನು ಬಿಡುವುದಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಲ್ಲಿ ಪುರಾತನ ವಸ್ತು. ಕೆನಡಾದಲ್ಲಿರುವ ಮಗನಿಗೆ ಅಂತ ಹಳೆಯ ಪವನ್ ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ಯೋಚನೆ ಇದ್ದರೆ ಬಿಡಿ.

ನಮ್ಮ ಮಳೆ

ಎರಡು ಅರ್ಧ ಸೇರಿಸಿ ಮಾಡಿದ ವಸ್ತು ಇದು. ನೀರು ತಡೆಯುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ನಮ್ಮೂರಿನಲ್ಲಿ ಮುಚ್ಚಳದ ವಾಚು ಇನ್ನೂ ಸೂಕ್ಷ್ಮ. ಚಿನ್ನಕ್ಕೆ ಏನೂ ಆಗುವುದಿಲ್ಲ, ಒಳಗಿನ ಉಕ್ಕಿಗೆ ತುಕ್ಕು. ಬೆಲ್ಟಿಗೆ ಬೂಸು. ನಾನು ಮಳೆಗಾಲ ಶುರುವಾಗುವ ಮುಂಚೆ ಬೆಲ್ಟು ಬಿಚ್ಚಿ, ಸೆಲ್ ಇದ್ದರೆ ಸೆಲ್ ತೆಗೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಕಾಫಿ ಬೀಜಕ್ಕೆ ನೂರಕ್ಕೆ 11, 12 ತೇವ ಅಂತ ಅಷ್ಟೆಲ್ಲ ಲೆಕ್ಕ ನೋಡುವ ಜನ ನಾವು, ವಾಚಿಗೂ ಅಷ್ಟು ಮಾಡಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇಡಬೇಡಿ. ಬೆಚ್ಚಗಿರುತ್ತೆ ಅಂತ ನಮ್ಮ ಮಾವ ಇಟ್ಟಿದ್ದರು. ಆಯಿಲ್ ಗಟ್ಟಿಯಾಗಿ ಬೆಲ್ಲದ ಪಾಕದ ಹಾಗೆ ಆಗಿತ್ತು.

ಅತ್ತೆಗೆ ಇಷ್ಟೆಲ್ಲ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಕುಯ್ಯೋದು ಬೇಡ ಅಂತೀಯಾ?" ಬೇಡ ಅಂದೆ. ಪವನ್ ಈಗ ಆಚಾರ್ರ ಹತ್ತಿರ ಇದೆ, ಪತ್ತಾಕ್‌ಗೇ ವಾಪಸ್ ಕೂರಿಸಲು. ಹೆಡೆ ಸಿದ್ಧವಾಗಿದೆ, ಕೆಂಪು ಕಲ್ಲು ಬರಬೇಕಂತೆ. ಮದುಮಗನಿಗೆ ಅಜ್ಜನ ಎಚ್‌ಎಂಟಿ ಜನತಾ ಸರ್ವಿಸ್ ಮಾಡಿಸಿ ಕೊಟ್ಟೆವು. ದಿನಕ್ಕೆ ಒಂದು ನಿಮಿಷ ಹಿಂದೆ ಹೋಗುತ್ತದೆ ಅಂತ ಮೊನ್ನೆ ಫೋನ್ ಮಾಡಿದ್ದ.